ಮೋಲೆಟೆ ಮನೆಯ ಊಟ

ಮೋಲೆಟೆಯ ಆ ಮನೆಯಲ್ಲಿ ನಾನು ಒಂದೇ ಒಂದು ಸಲ ಊಟ ಮಾಡಿದ್ದೇನೆ. 2005ರ ಮಳೆಗಾಲ. ನೈಜೀರಿಯಾದ ಇಬಾದಾನ್ ಊರಿಗೆ ಹೋಗಿ ಆಗಿನ್ನೂ ಒಂದು ವರ್ಷ ಆಗಿತ್ತು. ಮೋಲೆಟೆ ಅನ್ನೋದು ಆ ಊರಿನ ಒಂದು ಬಡಾವಣೆ. ಒಲುಯೋಲೆ ಕೈಗಾರಿಕಾ ಪ್ರದೇಶದ ಒಂದು ಪ್ಲಾಸ್ಟಿಕ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಸ್ಟೋರ್ ನೋಡಿಕೊಳ್ಳುತ್ತಿದ್ದ ಹಿರಿಯರನ್ನು ಎಲ್ಲರೂ ಸ್ಟೋರ್ ಬಾಬಾ ಅನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ಒಂದು ಶನಿವಾರ ಅವರು, "ಓಗಾ, ಬನ್ನಿ, ನಮ್ಮೂರಿನ ದೊಡ್ಡ ಮನೆ ತೋರಿಸ್ತೀನಿ" ಅಂದರು. ಓಗಾ ಅಂದರೆ ಅಲ್ಲಿ ಯಜಮಾನ, ಸಾಹೇಬ, ಎರಡೂ. ಬಾಬಾ ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಹಾಗೆ ಕರೆಯಬೇಡಿ ಅಂತ ಎಷ್ಟು ಹೇಳಿದರೂ ಬಿಡುತ್ತಿರಲಿಲ್ಲ.

ಗೇಟಿನ ಹೊರಗೇ ಜನ ಇದ್ದರು. ಒಳಗೆ ಇನ್ನೂ ಜಾಸ್ತಿ. ಹೆಂಗಸರು ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದರು. ಕೈಯಲ್ಲಿ ಆಸ್ಪತ್ರೆಯ ಚೀಟಿ ಹಿಡಿದ ಮುದುಕರು. ಬಸ್ ನಿಲ್ದಾಣಗಳಲ್ಲಿ ದುಡ್ಡು ವಸೂಲಿ ಮಾಡುವ ಹುಡುಗರು ಒಂದು ಮೂಲೆಯಲ್ಲಿ. ಟೈ ಕಟ್ಟಿದ, ಫೈಲು ಹಿಡಿದ ಕೆಲವರು. ಎಲ್ಲರೂ ಕಾಯುತ್ತಿದ್ದರು. ಅಂಗಳದ ಒಂದು ಕಡೆ ದೊಡ್ಡ ದೊಡ್ಡ ಪಾತ್ರೆಗಳು. ನನಗೂ ಒಂದು ತಟ್ಟೆ ಬಂತು. ಅಮಾಲಾ. ಒಣಗಿಸಿದ ಯಾಮ್ ಗೆಡ್ಡೆಯ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತೊಳಸುತ್ತಾರೆ. ಬಣ್ಣ ಕಂದು. ನಮ್ಮ ರಾಗಿ ಮುದ್ದೆಯ ತಮ್ಮ ಅನ್ನಬಹುದು. ಜೊತೆಗೆ ಗ್ಬೆಗಿರಿ ಅನ್ನೋ ಹಳದಿ ಬೇಳೆ ಸಾರು, ಎವೆಡು ಅನ್ನೋ ಲೋಳೆ ಸೊಪ್ಪಿನ ಸಾರು, ಒಂದು ತುಂಡು ಮಾಂಸ. ನಾನು ಹಾಸನದ ಕಡೆಯವನು. ಮುರಿದು, ಸಾರಲ್ಲಿ ಅದ್ದಿ, ಅಗಿಯದೆ ನುಂಗಿದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಚಪ್ಪಾಳೆ ತಟ್ಟಿದರು. ಬಿಳಿಯರ ಥರ ಅಗಿಯಲಿಲ್ಲ, ನಮ್ಮ ಹಾಗೇ ನುಂಗಿದ ಅಂತ. ಆ ದೇಶದಲ್ಲಿ ನನ್ನನ್ನು ಯಾರೋ ತಮ್ಮವನು ಅಂದುಕೊಂಡ ಮೊದಲ ಗಳಿಗೆ ಅದು.

ಆ ಮನೆ ಅಲ್ಹಾಜಿ ಲಮಿಡಿ ಅಡೆಡಿಬು ಅವರದ್ದು. ಊರಿನ ಜನ ಅವರನ್ನು 'ಮೋಲೆಟೆಯ ಅಲಾಫಿನ್' ಅನ್ನುತ್ತಿದ್ದರು. ಅಲಾಫಿನ್ ಅಂದರೆ ಹಳೆಯ ಓಯೋ ಸಾಮ್ರಾಜ್ಯದ ದೊರೆ. ಅವರು ಗವರ್ನರ್ ಆಗಿರಲಿಲ್ಲ, ಮಂತ್ರಿಯೂ ಅಲ್ಲ. ಆದರೆ ಇಬಾದಾನ್ ರಾಜಧಾನಿಯಾಗಿರುವ ಈಗಿನ ಓಯೋ ರಾಜ್ಯದಲ್ಲಿ ಯಾರು ಏನಾಗಬೇಕು ಅನ್ನೋದು ಆ ಅಂಗಳದಲ್ಲಿ ತೀರ್ಮಾನ ಆಗುತ್ತಿತ್ತು. ಅಲ್ಲಿನ ಪತ್ರಿಕೆಗಳು ಅದಕ್ಕೆ ಅಮಾಲಾ ರಾಜಕೀಯ ಅಂತಲೇ ಹೆಸರಿಟ್ಟಿದ್ದವು. ಇಡೀ ದೇಶಕ್ಕೆ ಗೊತ್ತಿದ್ದ ಇನ್ನೊಂದು ಪದವೂ ಇತ್ತು, ಗಾಡ್‌ಫಾದರ್. ಯಾವ ಮುಚ್ಚುಮರೆಯೂ ಇಲ್ಲದೆ ಬಳಸುವ ಪದ. ಅಧಿಕಾರಕ್ಕೆ ಏರಿಸುವವರು ಗಾಡ್‌ಫಾದರ್, ಏರಿದವರು ಗಾಡ್‌ಸನ್.

ಆ ಊಟ ರುಚಿಯಾಗಿತ್ತು. ನನ್ನನ್ನು ಇಷ್ಟು ವರ್ಷ ಕಾಡಿಸುತ್ತಿರುವುದು ಅದೇ. ರುಚಿಯಿಲ್ಲದ ಊಟವಾಗಿದ್ದರೆ, ಒತ್ತಾಯಕ್ಕೆ ತಿಂದದ್ದಾಗಿದ್ದರೆ, ಈ ವಿಷಯ ಯೋಚಿಸೋದು ಎಷ್ಟು ಸುಲಭವಾಗಿರುತ್ತಿತ್ತು.

ಒಂದು ಚೀಟಿ

ವಾಪಸ್ ಬರುವಾಗ ಬಾಬಾ ಹೇಳಿದರು. ಅವರ ಮಗಳು ಹೈಸ್ಕೂಲಿನ ಕೊನೆಯ ವರ್ಷ. ಪರೀಕ್ಷೆ ಶುಲ್ಕ ಕಟ್ಟಲು ದುಡ್ಡಿರಲಿಲ್ಲ. ಮನೆಯಲ್ಲಿ ಕಾಯಿಲೆ, ಸಾಲ. ಮೂರು ದಿನ ಆ ಅಂಗಳದಲ್ಲಿ ಕಾದರು. ನಾಲ್ಕನೇ ದಿನ ದುಡ್ಡು ಸಿಕ್ಕಿತು. ಸರ್ಕಾರಿ ಕಚೇರಿಗೆ ಯಾಕೆ ಹೋಗಲಿಲ್ಲ ಅಂತ ಕೇಳಿದೆ. ಅವರು ನನ್ನ ಮುಖ ನೋಡಿದರು. "ಓಗಾ, ಕಚೇರಿಯಲ್ಲಿ ನನ್ನ ಹೆಸರು ಯಾರಿಗೆ ಗೊತ್ತು? ಈ ಮನೆಯಲ್ಲಿ ನನ್ನ ಅಪ್ಪನ ಹೆಸರೂ ಗೊತ್ತು" ಅಂದರು.

ಆ ಮಾತು ನನಗೆ ತಟ್ಟಿತು. ಕಾರಣ ನನ್ನದೇ ಬದುಕಿನಲ್ಲಿತ್ತು. ಪಿಯುಸಿಗೆ ಪಟ್ಟಣಕ್ಕೆ ಹೋದಾಗ ನನಗೆ ಹಾಸ್ಟೆಲ್ ಸೀಟು ಸಿಕ್ಕಿರಲಿಲ್ಲ. ಅಂಕ ಚೆನ್ನಾಗಿದ್ದವು, ಅರ್ಹತೆಯೂ ಇತ್ತು. ಪಟ್ಟಿಯಲ್ಲಿ ಮಾತ್ರ ಹೆಸರಿರಲಿಲ್ಲ. ಅಪ್ಪ ನನ್ನನ್ನು ಕರೆದುಕೊಂಡು ಊರಿನ ಒಬ್ಬ ಮುಖಂಡರ ಮನೆಗೆ ಹೋದರು. ಬೆಳಗ್ಗೆ ಆರಕ್ಕೇ ಜಗುಲಿ ತುಂಬಿತ್ತು. ಎಲ್ಲರಿಗೂ ಕಾಫಿ. ಅಪ್ಪ ಕಾಫಿ ಲೋಟ ಹಿಡಿದು, ಕೂರಲೋ ಬೇಡವೋ ಅಂತ ಗೊತ್ತಾಗದೆ, ಕಂಬಕ್ಕೆ ಒರಗಿ ನಿಂತೇ ಇದ್ದರು. ಹೊಲದಲ್ಲಿ ಯಾರಿಗೂ ತಲೆ ತಗ್ಗಿಸದ ಮನುಷ್ಯ. ಮುಖಂಡರು ಎರಡು ಸಾಲಿನ ಚೀಟಿ ಬರೆದುಕೊಟ್ಟರು. ಸಂಜೆಯೊಳಗೆ ಸೀಟಾಯಿತು. ಆಮೇಲೆ ಅಪ್ಪ ಬದುಕಿರುವವರೆಗೆ ನಮ್ಮ ಮನೆಯ ಎಲ್ಲ ವೋಟೂ ಅವರು ಹೇಳಿದ ಕಡೆಗೇ. ನಾನೂ ಮೊದಲ ಎರಡು ಸಲ ಹಾಗೇ ಹಾಕಿದೆ. ಯಾರೂ ಬಲವಂತ ಮಾಡಲಿಲ್ಲ. "ಉಪ್ಪು ತಿಂದಿದೀವಿ" ಅಂತ ಅಪ್ಪ ಹೇಳಿದ್ದಷ್ಟೇ.

ಆ ಸೀಟು ನನ್ನ ಹಕ್ಕಾಗಿತ್ತು ಅನ್ನೋದು ಹೊಳೆದದ್ದು ಎಷ್ಟೋ ವರ್ಷಗಳ ನಂತರ. ಇಬಾದಾನಿನಲ್ಲಿ, ಬಾಬಾ ಪಕ್ಕದಲ್ಲಿ ಕೂತು ಬರುವಾಗ. ನನ್ನದೇ ಆದದ್ದನ್ನು ಯಾರೋ ತಡೆದರು. ಇನ್ಯಾರೋ ಬಿಡಿಸಿಕೊಟ್ಟರು. ಬಿಡಿಸಿಕೊಟ್ಟವರ ಋಣ ನಮ್ಮ ಮೇಲೆ ಬಿತ್ತು. ತಡೆದದ್ದು ಯಾರು ಅಂತ ನಾವು ಕೇಳಲೇ ಇಲ್ಲ.

ಹದಿನೈದು ಮಿಲಿಯನ್

ಅಲ್ಲಿನ ಗವರ್ನರ್ ಅಂದರೆ ನಮ್ಮ ರಾಜ್ಯಪಾಲರ ಥರ ಅಲ್ಲ. ಮುಖ್ಯಮಂತ್ರಿಯ ಥರ, ಅದಕ್ಕಿಂತಲೂ ಹೆಚ್ಚು. ಜನ ನೇರವಾಗಿ ಆರಿಸುತ್ತಾರೆ. ಅಧಿಕಾರದಲ್ಲಿ ಇರುವವರೆಗೆ ಸಂವಿಧಾನ ಅವರಿಗೆ ಮೊಕದ್ದಮೆಗಳಿಂದ ರಕ್ಷಣೆ ಕೊಡುತ್ತದೆ. ತಿಂಗಳು ತಿಂಗಳು ಸೆಕ್ಯೂರಿಟಿ ವೋಟ್ ಅಂತ ಒಂದು ಮೊತ್ತ ಕೈಗೆ ಬರುತ್ತದೆ. ಹೆಸರಿನಲ್ಲಿ ವೋಟ್ ಇದ್ದರೂ ಅದು ಮತವಲ್ಲ, ಭದ್ರತೆಗೆ ಅಂತ ತೆಗೆದಿಟ್ಟ ದುಡ್ಡು. ಅದರ ಲೆಕ್ಕ ಯಾರೂ ಕೇಳುವ ಹಾಗಿಲ್ಲ.

2003ರಲ್ಲಿ ಓಯೋ ರಾಜ್ಯದ ಗವರ್ನರ್ ಆದವರು ರಶೀದಿ ಲಡೋಜಾ. ಅಡೆಡಿಬು ಅವರ ಬೆಂಬಲದಿಂದಲೇ ಬಂದವರು. ಆಗ ಕೇಂದ್ರದಲ್ಲೂ ಅವರದೇ ಪೀಪಲ್ಸ್ ಡೆಮಾಕ್ರಟಿಕ್ ಪಕ್ಷದ ಆಳ್ವಿಕೆ. ದೇಶದ ಅಧ್ಯಕ್ಷರು ಒಬಾಸಾಂಜೋ. ಹೆಚ್ಚು ದಿನ ಹೋಗಲಿಲ್ಲ, ಗವರ್ನರ್‌ಗೂ ಮೋಲೆಟೆ ಮನೆಗೂ ಜಗಳ ಶುರುವಾಯಿತು. ಯಾಕೆ ಅಂತ ಅಡೆಡಿಬು ಅವರೇ ಪತ್ರಿಕೆಯವರಿಗೆ ಹೇಳಿದರು, ಯಾವ ಸಂಕೋಚವೂ ಇಲ್ಲದೆ. ಗವರ್ನರ್‌ಗೆ ತಿಂಗಳಿಗೆ 65 ಮಿಲಿಯನ್ ನೈರಾ ಸೆಕ್ಯೂರಿಟಿ ವೋಟ್ ಬರುತ್ತದೆ, ಅದರಲ್ಲಿ 15 ಮಿಲಿಯನ್ ನನಗೆ ಕೊಡಬೇಕಿತ್ತು, ಮಾತಿಗೆ ತಪ್ಪಿದರು ಅಂತ.

ನಾನು ಲೆಕ್ಕದವನು. ನಮ್ಮ ಫ್ಯಾಕ್ಟರಿಯಲ್ಲಿ ಆಗ ಹೊಸದಾಗಿ ಸೇರುವ ಕೆಲಸಗಾರನಿಗೆ ತಿಂಗಳಿಗೆ ಹತ್ತು ಸಾವಿರ ನೈರಾ. 15 ಮಿಲಿಯನ್ ಅಂದರೆ ಒಂದೂವರೆ ಸಾವಿರ ಜನರ ಒಂದು ತಿಂಗಳ ಸಂಬಳ. ಪ್ರತಿ ತಿಂಗಳೂ. ಆ ಪತ್ರಿಕೆ ಓದಿದ ದಿನ ನನಗೆ ಅಂಗಳದ ಪಾತ್ರೆಗಳು ಕಣ್ಣ ಮುಂದೆ ಬಂದವು. ಆ ಮನೆಯವರು ಕೊಟ್ಟದ್ದೆಲ್ಲ ಸರ್ಕಾರದ ದುಡ್ಡೇ ಅಂತ ನಾನು ಹೇಳಲಾರೆ. ಆದರೆ ಬೇಡಿಕೆ ಏನಿತ್ತು ಅನ್ನೋದು ಅವರ ಬಾಯಿಂದಲೇ ಬಂದ ಮಾತು. ಶಾಲೆಗೆ ಹೋಗಬೇಕಾದ ದುಡ್ಡು ಶಾಲೆಗೆ ಹೋಗಲಿಲ್ಲ. ಶಾಲೆಯ ಶುಲ್ಕಕ್ಕೆ ಜನ ಅಂಗಳಕ್ಕೆ ಬಂದರು.

2005ರ ಡಿಸೆಂಬರ್‌ನಲ್ಲಿ ಓಯೋ ವಿಧಾನಸಭೆಯ ಒಂದು ಗುಂಪು ಹೋಟೆಲೊಂದರಲ್ಲಿ ಸಭೆ ಸೇರಿತು. ಗವರ್ನರ್ ಅವರನ್ನು ಇಳಿಸುವ ನೋಟಿಸ್ ಅಲ್ಲಿ ಹೊರಟಿತು. 2006ರ ಜನವರಿ 12ರಂದು ಇಳಿಸಿಯೂ ಬಿಟ್ಟರು. ವಿಧಾನಸಭೆಯ ಸದಸ್ಯರು ಒಟ್ಟು 32. ಮೂರನೇ ಎರಡು ಭಾಗ ಅಂದರೆ 22 ಕೈ ಏಳಬೇಕು. ಎದ್ದದ್ದು 18. ಮಗ್ಗಿ ಗೊತ್ತಿರುವ ಮಗುವಿಗೂ ಅರ್ಥವಾಗುವ ಲೆಕ್ಕ. ಆದರೂ ಅವತ್ತೇ ಉಪ ಗವರ್ನರ್ ಅಲಾವೊ-ಅಕಾಲಾ ಪ್ರಮಾಣವಚನ ತಗೊಂಡರು.

ಆ ವಾರ ಇಬಾದಾನ್ ಹೇಗಿತ್ತು ಅಂದರೆ, ರಸ್ತೆಯಲ್ಲಿ ಡ್ಯಾನ್‌ಫೋ ವ್ಯಾನುಗಳು ಕಡಿಮೆ, ಅಂಗಡಿಗಳ ಬಾಗಿಲು ಅರ್ಧ ಮುಚ್ಚಿದ್ದವು. ಸಾರಿಗೆ ಯೂನಿಯನ್ನಿನಲ್ಲೂ ಎರಡು ಬಣ ಆಗಿತ್ತು. ಒಂದು ಗವರ್ನರ್ ಕಡೆ, ಇನ್ನೊಂದು ಮೋಲೆಟೆ ಕಡೆ. ನಮ್ಮ ಮ್ಯಾನೇಜರ್ ಎರಡು ದಿನ ರಜೆ ಕೊಟ್ಟರು. ಮೂರನೇ ದಿನ ಬಾಬಾ ನಡೆದುಕೊಂಡೇ ಬಂದರು. ಆರೇಳು ಮೈಲಿ. ಸ್ಟೋರಿನಲ್ಲಿ ನಾವಿಬ್ಬರೇ. ಪ್ಲಾಸ್ಟಿಕ್ ಹರಳಿನ ಚೀಲ ಎಣಿಸುತ್ತಿದ್ದವರು ಸುಮ್ಮನೆ ನಿಂತರು. "ಹದಿನೆಂಟು ಜನ ಸಾಕಾ ಓಗಾ?" ಅಂತ ಕೇಳಿದರು. ಸಾಲದು ಅಂದೆ. "ನನಗೂ ಗೊತ್ತು. ಎಣಿಸೋದೇ ನನ್ನ ಕೆಲಸ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದರೆ ಅವರು ನನ್ನ ಮಗಳ ಪರೀಕ್ಷೆ ಕಟ್ಟಿದಾರೆ" ಅಂದರು. ಅವರ ದನಿಯಲ್ಲಿ ಜಂಬ ಇರಲಿಲ್ಲ, ಸಮರ್ಥನೆಯೂ ಇರಲಿಲ್ಲ. ಎರಡೂ ನಿಜವೇ, ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಏನು ಮಾಡಬೇಕು ಅಂತ ತಿಳಿಯದ ಮನುಷ್ಯನ ದನಿ ಅದು.

ಲಡೋಜಾ ಕೋರ್ಟಿಗೆ ಹೋದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಮೂರನೇ ಎರಡು ಅಂದರೆ ಎಲ್ಲ ಸದಸ್ಯರ ಮೂರನೇ ಎರಡೇ. ಹನ್ನೊಂದು ತಿಂಗಳ ನಂತರ ಅವರು ಮತ್ತೆ ಕುರ್ಚಿಗೆ ಬಂದರು. ಆದರೆ 2007ರ ಚುನಾವಣೆಗೆ ಪಕ್ಷದ ಟಿಕೆಟ್ ಸಿಕ್ಕಿದ್ದು ಅಲಾವೊ-ಅಕಾಲಾ ಅವರಿಗೆ. ಗೆದ್ದದ್ದೂ ಅವರೇ. ತೀರ್ಪು ಕೋರ್ಟಿನಲ್ಲಿ ಗೆದ್ದಿತು, ಟಿಕೆಟ್ ಅಂಗಳದಲ್ಲೇ ಉಳಿಯಿತು. ಮರುವರ್ಷ ಜೂನ್‌ನಲ್ಲಿ ಅಡೆಡಿಬು ತೀರಿಕೊಂಡರು. ಆ ದಿನ ಬಾಬಾ ಸ್ಟೋರಿನ ಹಿಂದೆ ಕೂತು ಅತ್ತರು. ನಾನು ನೀರು ಕೊಟ್ಟೆ. ಏನೂ ಹೇಳಲಿಲ್ಲ.

ಅನಾಂಬ್ರಾ

ಆ ದಿನಗಳಲ್ಲಿ ಕ್ಯಾಂಟೀನಿನಲ್ಲಿ ಓಯೋ ಮಾತು ಬಂದಾಗಲೆಲ್ಲ ಪೂರ್ವದ ಇಗ್ಬೊ ಹುಡುಗರು, ನಮ್ಮೂರ ಕಡೆ ಇದಕ್ಕಿಂತ ಘೋರ ಅನ್ನುತ್ತಿದ್ದರು. ಅವರು ಹೇಳುತ್ತಿದ್ದದ್ದು ಅನಾಂಬ್ರಾ ರಾಜ್ಯದ ಕಥೆ. 2003ರಲ್ಲಿ ಅಲ್ಲಿ ಗವರ್ನರ್ ಆದವರು ಕ್ರಿಸ್ ಎನ್‌ಗಿಗೆ, ವೃತ್ತಿಯಿಂದ ವೈದ್ಯರು. ಅವರನ್ನು ಕೂರಿಸಿದವರು ಕ್ರಿಸ್ ಉಬಾ. ರಾಜ್ಯದ ಪ್ರತಿಯೊಬ್ಬ ರಾಜಕಾರಣಿಯನ್ನೂ ಒಬ್ಬನೇ ನಿಂತು ಕೂರಿಸಿದ್ದೇನೆ, ದೇಶದ ಎಲ್ಲ ಗಾಡ್‌ಫಾದರ್‌ಗಳಿಗಿಂತ ನಾನೇ ದೊಡ್ಡವನು ಅಂತ ಅವರು ಬಹಿರಂಗವಾಗಿ ಹೇಳಿಕೊಂಡಿದ್ದರು. ಚುನಾವಣೆಗೆ ಮೊದಲೇ ಎನ್‌ಗಿಗೆ ಅವರಿಂದ ನಿಷ್ಠೆಯ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದರು. ಅದು ರಾಜ್ಯಕ್ಕೆ ನಿಷ್ಠೆ ಅಲ್ಲ, ಒಬ್ಬ ವ್ಯಕ್ತಿಗೆ. ಓಕಿಜಾ ಅನ್ನೋ ಊರಿನ ದೈವದ ಗುಡಿಗೂ ಅವರನ್ನು ಕರೆದೊಯ್ದಿದ್ದರು. ಮರುವರ್ಷ ಆ ಗುಡಿಯ ಮೇಲೆ ಪೊಲೀಸರು ದಾಳಿ ಮಾಡಿದಾಗ ತಲೆಬುರುಡೆಗಳು, ಹೆಣಗಳು ಸಿಕ್ಕವು. ಸುದ್ದಿ ಎಲ್ಲ ದೇಶಗಳಲ್ಲೂ ಬಂತು.

ಗವರ್ನರ್ ಖಜಾನೆಯ ಬೀಗದ ಕೈ ಕೊಡಲು ಒಪ್ಪಲಿಲ್ಲ. 2003ರ ಜುಲೈ 10ರಂದು ಹಿರಿಯ ಪೊಲೀಸ್ ಅಧಿಕಾರಿಯೊಬ್ಬರು ತುಕಡಿ ಜೊತೆ ಬಂದು ಅವರನ್ನೇ ಹಿಡಿದುಕೊಂಡು ಹೋದರು. ಅತ್ತ ವಿಧಾನಸಭೆಯಲ್ಲಿ ಅವರ ಹೆಸರಿನ ರಾಜೀನಾಮೆ ಪತ್ರ ಓದಿ ಒಪ್ಪಿಕೊಂಡೂ ಆಯಿತು. ಗವರ್ನರ್ ಆಗಿ ಇನ್ನೂ ಎರಡು ತಿಂಗಳೂ ತುಂಬಿರಲಿಲ್ಲ. ಅವರು ಹೇಗೋ ಹೊರಬಂದರು, ಕುರ್ಚಿ ಉಳಿಸಿಕೊಂಡರು. 2004ರ ನವೆಂಬರ್‌ನಲ್ಲಿ ಗುಂಪುಗಳು ರಾಜಧಾನಿ ಆವ್ಕಾದಲ್ಲಿ ಸರ್ಕಾರಿ ಕಟ್ಟಡಗಳಿಗೆ ಬೆಂಕಿ ಇಟ್ಟವು. ಪೊಲೀಸರು ನೋಡುತ್ತಾ ನಿಂತರು.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವುದು ಅಪಹರಣ ಅಲ್ಲ. ಕಪ್ಪ ಕೊಡುವುದು ನಿಲ್ಲಿಸಿದ ಮೇಲೆ ಎನ್‌ಗಿಗೆ ರಸ್ತೆ ಮಾಡಿಸಿದರು. ಒಳ್ಳೆಯ ರಸ್ತೆಗಳು. ಅನಾಂಬ್ರಾದ ಹುಡುಗರು ಈಗಲೂ ಆ ರಸ್ತೆಗಳ ಹೆಸರು ಹೇಳುತ್ತಾರೆ. ಆದರೆ 2006ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು, ಆ ಚುನಾವಣೆಯಲ್ಲಿ ನಿಜಕ್ಕೂ ಗೆದ್ದದ್ದು ಎನ್‌ಗಿಗೆ ಅಲ್ಲ, ಪೀಟರ್ ಓಬಿ ಅಂತ. ಮೂರು ವರ್ಷ ರಾಜ್ಯ ಆಳಿದ ಮೇಲೆ! ಅಂದರೆ ಜನ ಆರಿಸದ ಗವರ್ನರ್ ಜನರಿಗೆ ರಸ್ತೆ ಕೊಟ್ಟರು. ಜನ ಆರಿಸಿದವರು ಮೂರು ವರ್ಷ ಕೋರ್ಟಿನ ಬಾಗಿಲಲ್ಲಿ ನಿಂತರು. ಅದೇ ಪೀಟರ್ ಓಬಿ 2023ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತಾಗ ಯುವಕರು ಬೀದಿಗೆ ಬಂದದ್ದನ್ನು ನೋಡಿ ನನಗೆ ಈ ಹಳೆಯದೆಲ್ಲ ನೆನಪಾಯಿತು. ಅವರು ಮೂರನೇ ಸ್ಥಾನಕ್ಕೆ ಬಂದರು. ಆದರೆ ಲಾಗೋಸ್ ರಾಜ್ಯದಲ್ಲಿ, ಆ ಚುನಾವಣೆ ಗೆದ್ದ ಬೋಲಾ ಟಿನುಬು ಅವರ ಸ್ವಂತ ಕೋಟೆಯಲ್ಲಿ, ಹತ್ತು ಸಾವಿರದಷ್ಟು ಮತಗಳಿಂದ ಮೊದಲು ಬಂದರು.

ಟಿನುಬು ಅವರ ವಿಷಯ ಬರೆಯಲು ಹೊರಟರೆ ಬೇರೆಯೇ ಬರಹ ಬೇಕು. 1999ರಿಂದ ಎಂಟು ವರ್ಷ ಲಾಗೋಸ್ ಗವರ್ನರ್. ಆಮೇಲೆ ಆ ಕುರ್ಚಿಗೆ ಬಂದವರೆಲ್ಲ ಅವರು ಒಪ್ಪಿದವರೇ. 2018ರಲ್ಲಿ ಅಂಬೋಡೆ ಅನ್ನೋ ಗವರ್ನರ್ ಮೇಲೆ ಅವರಿಗೆ ಮನಸ್ಸು ಮುರಿಯಿತು. ಅಧಿಕಾರದಲ್ಲಿ ಇರುವಾಗಲೇ ಎರಡನೇ ಅವಧಿಯ ಟಿಕೆಟ್ ತಪ್ಪಿತು. ಅಲ್ಲಿ ಬೆಂಕಿ ಇಲ್ಲ, ಅಪಹರಣ ಇಲ್ಲ. ಎಲ್ಲ ಪಕ್ಷದೊಳಗೆ, ನಿಯಮದ ಪ್ರಕಾರ. ಲಾಗೋಸ್ ಬೆಳೆದಿದೆ, ತೆರಿಗೆ ಸಂಗ್ರಹ ಸುಧಾರಿಸಿದೆ ಅಂತ ಅಲ್ಲಿಯ ಸ್ನೇಹಿತರು ವಾದ ಮಾಡುತ್ತಾರೆ. ಸುಳ್ಳಲ್ಲ. 2022ರ ಜೂನ್‌ನಲ್ಲಿ ಅಬೆಯೊಕುಟಾದಲ್ಲಿ ಟಿನುಬು 'ಎಮಿ ಲೋಕಾನ್' ಅಂದರು. ಯೊರುಬಾ ಮಾತು, 'ಈಗ ನನ್ನ ಸರದಿ' ಅಂತ ಅರ್ಥ. ಮರುವರ್ಷ ಅಧ್ಯಕ್ಷರಾದರು. ಆ ಮಾತು ಕೇಳಿದಾಗ ನನಗೆ ಮೋಲೆಟೆಯ ಸಾಲೇ ನೆನಪಾಯಿತು. ದೇಶ ಅನ್ನೋದು ಜನರ ಮತಕ್ಕೆ ಕಾಯುವಂಥದ್ದಲ್ಲ, ಕೊಟ್ಟವರು ಸರದಿ ಪ್ರಕಾರ ವಾಪಸ್ ಪಡೆಯುವಂಥದ್ದು ಅನ್ನೋ ನಂಬಿಕೆ ಆ ಎರಡು ಪದಗಳಲ್ಲಿದೆ.

ಸಾಲ ಎಲ್ಲಿಂದ ಶುರು

ಒಬ್ಬ ಗವರ್ನರ್‌ಗೆ ಗಾಡ್‌ಫಾದರ್ ಯಾಕೆ ಬೇಕು? ಇದನ್ನು ನಾನು ಲೆಕ್ಕದವನ ಕಣ್ಣಲ್ಲೇ ನೋಡುತ್ತೇನೆ. 2023ರ ಚುನಾವಣೆಗೆ ಆಳುವ ಪಕ್ಷ ಗವರ್ನರ್ ಟಿಕೆಟ್ ಕೇಳುವವರ ಅರ್ಜಿಗೆ ಇಟ್ಟ ಬೆಲೆ 50 ಮಿಲಿಯನ್ ನೈರಾ. ಅಧ್ಯಕ್ಷ ಸ್ಥಾನಕ್ಕೆ 100 ಮಿಲಿಯನ್. ಇದು ಬರೀ ಅರ್ಜಿಗೆ! ಆ ಹೊತ್ತಿಗೆ ದೇಶದ ಕನಿಷ್ಠ ಕೂಲಿ ತಿಂಗಳಿಗೆ 30 ಸಾವಿರ ನೈರಾ. ಒಬ್ಬ ಶಾಲಾ ಮೇಷ್ಟ್ರು, ಒಬ್ಬ ಪ್ರಾಮಾಣಿಕ ವಕೀಲ ಆ ಬಾಗಿಲನ್ನು ಮುಟ್ಟುವುದಾದರೂ ಹೇಗೆ? ಯಾರೋ ದುಡ್ಡು ಹಾಕಬೇಕು. ಹಾಕಿದವರು ಸುಮ್ನೆ ಹಾಕುವುದಿಲ್ಲ, ಅಲ್ವಾ?

ವಾಪಸ್ ಬರುವ ದಾರಿಯೂ ಸಿದ್ಧವಾಗಿದೆ. ಅಲ್ಲಿ ರಾಜ್ಯಗಳು ತಮ್ಮ ಜನರ ತೆರಿಗೆಯ ಮೇಲೆ ನಿಂತಿರುವುದು ಕಡಿಮೆ. ಎಣ್ಣೆಯ ಆದಾಯ ಮತ್ತು ದೇಶದ ದೊಡ್ಡ ತೆರಿಗೆಗಳು ಒಂದೇ ಖಾತೆಗೆ ಬರುತ್ತವೆ. ಪ್ರತಿ ತಿಂಗಳು ದೇಶದ ರಾಜಧಾನಿ ಅಬುಜಾದಲ್ಲಿ ಸಮಿತಿ ಕೂತು ಹಂಚುತ್ತದೆ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕೇಂದ್ರಕ್ಕೆ, ಕಾಲು ಭಾಗದಷ್ಟು ರಾಜ್ಯಗಳಿಗೆ, ಉಳಿದದ್ದು 774 ಸ್ಥಳೀಯ ಸರ್ಕಾರಗಳಿಗೆ. ಸ್ಥಳೀಯ ಸರ್ಕಾರಗಳ ಪಾಲೂ ವರ್ಷಾನುಗಟ್ಟಲೆ ಗವರ್ನರ್ ಕೈಯಿಂದಲೇ ಹೋಗುತ್ತಿತ್ತು. ನೇರವಾಗಿ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಜುಲೈನಲ್ಲಿ. ಮನೆಯ ತೆರಿಗೆ ಕಟ್ಟಿದವರು ರಸ್ತೆಯ ಗುಂಡಿ ನೋಡಿದರೆ ಸಿಟ್ಟಾಗುತ್ತಾರೆ. ದುಡ್ಡು ಮೇಲಿಂದ, ಎಣ್ಣೆ ಬಾವಿಯಿಂದ ಬಂದರೆ, ಅದು ತಮ್ಮದು ಅಂತ ಜನರಿಗೆ ಅನ್ನಿಸುವುದೇ ಕಷ್ಟ. ಮೇಲಿಂದ ಬಂದದ್ದರಲ್ಲಿ ಒಂದು ತಟ್ಟೆ ನಮಗೆ ಇಳಿಸಿದವರು ದೊಡ್ಡವರಾಗಿ ಕಾಣುತ್ತಾರೆ.

ಗಾಡ್‌ಸನ್ ತಿರುಗಿ ಬೀಳುವುದೂ ಇದೇ ಲೆಕ್ಕದಲ್ಲಿ. ತಿಂಗಳ ಕಂತು ಕೊಡುತ್ತಾ ಹೋದರೆ ತನ್ನ ಹೆಸರು ಉಳಿಯುವಂಥ ಕೆಲಸ ಮಾಡಲು ಏನೂ ಮಿಗುವುದಿಲ್ಲ. ನಿಲ್ಲಿಸಿದರೆ ಯುದ್ಧ. ತೀರಾ ಇತ್ತೀಚೆಗೆ ರಿವರ್ಸ್ ರಾಜ್ಯದಲ್ಲಿ ಮಾಜಿ ಗವರ್ನರ್ ನೈಸೊಮ್ ವಿಕೆ ಮತ್ತು ಅವರೇ ಕೂರಿಸಿದ ಗವರ್ನರ್ ಫುಬಾರಾ ನಡುವೆ ನಡೆದದ್ದೂ ಅಂಥದ್ದೇ ಯುದ್ಧ. ರಾಜ್ಯದ ಹಿಡಿತ ಯಾರದ್ದು ಅನ್ನೋದೇ ಅಲ್ಲಿನ ಜಗಳ. 2023ರ ಅಕ್ಟೋಬರ್‌ನಲ್ಲಿ ವಿಧಾನಸಭೆ ಕಟ್ಟಡಕ್ಕೆ ಬೆಂಕಿ ಬಿತ್ತು. ಡಿಸೆಂಬರ್‌ನಲ್ಲಿ ಅದನ್ನು ಕೆಡವಿದರು. 2025ರ ಮಾರ್ಚ್ 18ರಂದು ಅಧ್ಯಕ್ಷ ಟಿನುಬು ಅಲ್ಲಿ ತುರ್ತು ಪರಿಸ್ಥಿತಿ ಘೋಷಿಸಿ, ಆರು ತಿಂಗಳು ಗವರ್ನರ್, ಉಪ ಗವರ್ನರ್, ವಿಧಾನಸಭೆ ಎಲ್ಲವನ್ನೂ ಅಮಾನತು ಮಾಡಿದರು. ನಿವೃತ್ತ ನೌಕಾಪಡೆ ಅಧಿಕಾರಿಯೊಬ್ಬರು ರಾಜ್ಯ ನಡೆಸಿದರು. ಅಷ್ಟು ತಿಂಗಳು ಆ ಜನರ ಮತ ಏನಾಗಿತ್ತು ಅಂತ ನಾನು ಯೋಚಿಸುತ್ತೇನೆ. ಕೆಲವು ಮಿಲಿಯನ್ ಜನರ ರಾಜ್ಯ, ಇಬ್ಬರ ಜಗಳಕ್ಕೆ ಬಾಗಿಲು ಹಾಕಿ ಕೂತಿತ್ತು. ಇದು ನನಗೆ ತುಂಬಾ ನೋವು ಕೊಡುವ ಸಂಗತಿ. ಅಲ್ಲಿ ಸಾಲಿನಲ್ಲಿ ಬಿಸಿಲಿಗೆ ನಿಂತು ಮತ ಹಾಕುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಜ್ಜಿಯರ ಮನೆ

ಬಾಬಾ ಅವರ ಮಗಳು ಆ ಪರೀಕ್ಷೆ ಪಾಸಾದಳು. ನರ್ಸಿಂಗ್ ಓದಿದಳು. ಮದುವೆಯಾಗಿ ಇಲೊರಿನ್‌ಗೆ ಹೋದಳು, ಕ್ವಾರಾ ರಾಜ್ಯದ ರಾಜಧಾನಿ. ನನ್ನನ್ನು ಅಂಕಲ್ ಅನ್ನುತ್ತಾಳೆ. ಹಬ್ಬಕ್ಕೆ ತಪ್ಪದೆ ಫೋನ್ ಮಾಡುತ್ತಾಳೆ.

ಇಲೊರಿನ್ ಬೇರೊಂದು ಮನೆತನದ ಊರು. ಡಾಕ್ಟರ್ ಒಲುಸೊಲಾ ಸರಾಕಿ ಅಲ್ಲಿನ ಹಿರಿಯರು, ಜನ ಅವರನ್ನು ಓಲೋಯೆ ಅನ್ನುತ್ತಿದ್ದರು. 1979ರಿಂದ ಅಲ್ಲಿ ಅವರ ಕೈ ಇಲ್ಲದೆ ಗವರ್ನರ್ ಆಗುವುದು ಕಷ್ಟವಿತ್ತು. ತಾವೇ ಕೂರಿಸಿದವರೊಡನೆ ಜಗಳವಾದರೆ ಮುಂದಿನ ಸಲ ಎದುರು ಪಕ್ಷದವರನ್ನು ಗೆಲ್ಲಿಸುತ್ತಿದ್ದರು. 2003ರಲ್ಲಿ ಮಗ ಬುಕೋಲಾ ಗವರ್ನರ್ ಆದರು. 2011ರಲ್ಲಿ ತಂದೆ ಮಗಳ ಪರ, ಮಗ ಇನ್ನೊಬ್ಬರ ಪರ. ಮಗ ಗೆದ್ದರು. ಮರುವರ್ಷ ಹಿರಿಯರು ತೀರಿಕೊಂಡರು. ಅವರಿಗೆ ಇಲೊರಿನ್‌ನಲ್ಲಿ 'ಇಲೆ ಅರುಗ್ಬೋ' ಅಂತ ಒಂದು ಮನೆ ಇತ್ತು. ವಯಸ್ಸಾದವರ ಮನೆ ಅಂತ ಅರ್ಥ. ಅಲ್ಲಿ ಮುದುಕಿಯರಿಗೆ, ಮುದುಕರಿಗೆ ಊಟ, ಕೈಗೆ ಸ್ವಲ್ಪ ದುಡ್ಡು ಕೊಡುತ್ತಿದ್ದರು. ಹಿರಿಯರು ಹೋದ ಮೇಲೂ ನಡೆಯುತ್ತಿತ್ತು.

2019ರ ಚುನಾವಣೆ. ಬುಕೋಲಾ ಸರಾಕಿ ಆಗ ದೇಶದ ಸೆನೆಟ್ ಅಧ್ಯಕ್ಷರು. ಇಲೊರಿನ್ ಬೀದಿಗಳಲ್ಲಿ ಒಂದೇ ಕೂಗು, 'ಓ ತೊ ಗೆ'. ಸಾಕಿನ್ನು ಅಂತ. ಬಾಬಾ ಮಗಳೂ ಕೂಗಿದಳು. ಸರಾಕಿ ಸ್ವಂತ ಸೆನೆಟ್ ಸ್ಥಾನವನ್ನೇ ಕಳೆದುಕೊಂಡರು. ಗವರ್ನರ್ ಸ್ಥಾನ ಎದುರು ಪಕ್ಷದ ಅಬ್ದುಲ್‌ರಹಮಾನ್ ಅಬ್ದುಲ್‌ರಜಾಕ್ ಅವರಿಗೆ ಹೋಯಿತು. ಬಾಬಾಗೆ ಮಗಳ ಮೇಲೆ ಸಿಟ್ಟು ಬಂತು. ಅದು ಬೇರೆ ಊರು, ಬೇರೆ ಮನೆತನ, ಅವರಿಗೆ ಸಂಬಂಧವೇ ಇಲ್ಲ. ಆದರೂ. "ಊಟ ಹಾಕಿದ ಮನೆಯ ವಿರುದ್ಧ ಕೂಗ್ತಾರಾ?" ಅಂತ. ಅವಳು ಫೋನಿನಲ್ಲೇ ಕೇಳಿದಳಂತೆ, "ಅಪ್ಪಾ, ನನ್ನ ಪರೀಕ್ಷೆಗೆ ಕಟ್ಟಿದ ದುಡ್ಡು ಯಾರದ್ದು?" ಬಾಬಾ ಉತ್ತರ ಹೇಳಲಿಲ್ಲ. ನನಗೆ ಫೋನ್ ಮಾಡಿ, ನೀವು ಲೆಕ್ಕದವರು, ನೀವೇ ಹೇಳಿ ಅಂದರು. ನನಗೆ ಉತ್ತರ ಗೊತ್ತಿತ್ತು. ಎಂಬತ್ತು ದಾಟಿದ ಹಿರಿಯರಿಗೆ ಅದನ್ನು ಹೇಳಲು ನಾಲಿಗೆ ಬರಲಿಲ್ಲ. ಅವಳು ಒಳ್ಳೆಯ ಹುಡುಗಿ ಬಾಬಾ, ಸರಿಯಾಗೇ ಕೇಳಿದಾಳೆ ಅಂದೆ, ಅಷ್ಟೇ.

2020ರ ಜನವರಿ 2, ಬೆಳಕು ಹರಿಯುವ ಮೊದಲು ಸರ್ಕಾರ ಇಲೆ ಅರುಗ್ಬೋವನ್ನು ಕೆಡವಿತು. ಅದು ಸರ್ಕಾರಿ ಕಚೇರಿಗೆ ಮೀಸಲಾಗಿದ್ದ ಜಾಗ, ಸರಿಯಾದ ದಾಖಲೆ ಇಲ್ಲ ಅಂತ ಸರ್ಕಾರ ಹೇಳಿತು. ಮನೆಯವರು ಒಪ್ಪಲಿಲ್ಲ. ಆ ರಾತ್ರಿ ಅಲ್ಲಿ ವಯಸ್ಸಾದ ಹೆಂಗಸರು ಕಾವಲು ಕೂತಿದ್ದರು. ಅವರನ್ನು ಎಬ್ಬಿಸಲು ಅಶ್ರುವಾಯು ಬಳಸಿದರು. ಓ ತೊ ಗೆ ಅಂತ ಕೂಗಿದ್ದ ಹುಡುಗಿಯೇ ಮರುದಿನ ನನಗೆ ಫೋನ್ ಮಾಡಿ ಅತ್ತಳು. "ಅಂಕಲ್, ಆ ಮನೆತನ ಬೇಡ ಅಂದೆವು. ಆ ಅಜ್ಜಿಯರು ಬೇಡ ಅನ್ನಲಿಲ್ಲ" ಅಂದಳು. ಗೋಡೆ ಕೆಡವಲು ಒಂದು ರಾತ್ರಿ ಸಾಕಾಯಿತು. ಅಲ್ಲಿಗೆ ಬರುತ್ತಿದ್ದವರಿಗೆ ಬೇರೆ ಬಾಗಿಲು ಮೊದಲೇ ತೆರೆದಿಟ್ಟಿದ್ದರೆ ಆ ರಾತ್ರಿ ಯಾರೂ ಕಾವಲು ಕೂರುತ್ತಿರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಆಮೇಲೆ ಕ್ವಾರಾ ಸರ್ಕಾರ 'ಓವೋ ಅರುಗ್ಬೋ' ಅನ್ನೋ ಯೋಜನೆ ತಂತು. ವಯಸ್ಸಾದವರ ದುಡ್ಡು ಅಂತ ಅರ್ಥ. ಹೆಸರು ಬರೆಸಿಕೊಂಡ ಬಡ ವೃದ್ಧರ ಕೈಗೆ ಸರ್ಕಾರವೇ ಹಣ ಕೊಡುತ್ತದೆ. ಅಲ್ಲೂ ಯಾರ ಹೆಸರು ಪಟ್ಟಿಗೆ ಬರುತ್ತದೆ ಅನ್ನೋ ಪ್ರಶ್ನೆ ಇದ್ದೇ ಇದೆ, ಮೊತ್ತವೂ ಸಣ್ಣದು. ಆದರೂ 'ಮನೆ' ಹೋಗಿ 'ದುಡ್ಡು' ಬಂದದ್ದು ನನಗೆ ದೊಡ್ಡ ಸಂಗತಿ ಅನ್ನಿಸಿತು. ಮನೆಗೆ ಒಬ್ಬ ಯಜಮಾನ ಇರುತ್ತಾರೆ.

ಬಾಬಾ ಈಗ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ರಶೀದಿ ಲಡೋಜಾ ಇಬಾದಾನಿನ ಒಲುಬಾದಾನ್ ಆಗಿ, ಅಂದರೆ ಊರಿನ ಸಾಂಪ್ರದಾಯಿಕ ದೊರೆಯಾಗಿ ಪಟ್ಟಕ್ಕೆ ಬಂದರು. ಹದಿನೆಂಟು ಕೈಗಳು ಇಳಿಸಿದ್ದ ಅದೇ ಗವರ್ನರ್. ಇರಬೇಕಿತ್ತು ಬಾಬಾ, ನೋಡಬೇಕಿತ್ತು ಅಂದಳು ಮಗಳು. ಆ ದಿನ ತುಂಬಾ ಹೊತ್ತು ಮಾತಾಡಿದೆವು. ಓವೋ ಅರುಗ್ಬೋ ದುಡ್ಡು ಸಿಕ್ಕ ಒಬ್ಬ ಅಜ್ಜಿಯ ವಿಷಯ ಹೇಳಿದಳು. ರಕ್ತದೊತ್ತಡದ ಮಾತ್ರೆಗೆ ಅವಳ ಆಸ್ಪತ್ರೆಗೆ ಬಂದಿದ್ದರಂತೆ. ಸೆರಗಿನ ಗಂಟಿನಿಂದ ನೋಟು ತೆಗೆದು ಎಣಿಸಿ ಕೊಟ್ಟರು. ಆಮೇಲೆ, ಮಗಳೇ, ಇದಕ್ಕೆ ಯಾರ ಮನೆಗೆ ಹೋಗಿ ಮಂಡಿಯೂರಬೇಕು ಅಂತ ಕೇಳಿದರು. ಯೊರುಬಾ ಹೆಂಗಸರು ಹಿರಿಯರಿಗೆ, ಉಪಕಾರ ಮಾಡಿದವರಿಗೆ ಮಂಡಿಯೂರಿ ನಮಸ್ಕಾರ ಮಾಡುತ್ತಾರೆ. ಯಾರ ಮನೆಗೂ ಹೋಗಬೇಕಾಗಿಲ್ಲ ಅಮ್ಮಾ, ಅದು ನಿಮ್ಮದೇ ದುಡ್ಡು ಅಂದಳು ಇವಳು.

ಅಜ್ಜಿ ನಂಬಲಿಲ್ಲವಂತೆ. ಮಾತ್ರೆಯ ಪೊಟ್ಟಣ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತರಂತೆ. ನೀನು ಚಿಕ್ಕವಳು, ನಿನಗೆ ಗೊತ್ತಿಲ್ಲ, ದೊಡ್ಡವರನ್ನು ಕೇಳಿ ಆ ಹೆಸರು ಹೇಳು, ನಾಳೆ ಮತ್ತೆ ಬರ್ತೀನಿ ಅಂದರಂತೆ.